ಒಂದು ಪೀಸಿಗೆ ಮಷೀನ್ ಚಾಲೂ ಆಗಂಗಿಲ್ರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲ್ಲೂಕುಗಳಲ್ಲಿ ಮಳೆಗೆ ಬರ ಬಂದದ್ದುಂಟು, ಲೋಹಕ್ಕೆ ಬಂದದ್ದಿಲ್ಲ. ಯಾವ ಸರ್ಕಲ್ಲಿನಲ್ಲಿ ನಿಂತರೂ ತಲೆಯ ಮೇಲೆ ಒಂದು ಖಡ್ಗ ಇರುತ್ತದೆ. ಕಿತ್ತೂರು ರಾಣಿ ಚೆನ್ನಮ್ಮನದಾದರೆ ಕುದುರೆಯ ಮೇಲಿಂದ, ಸಂಗೊಳ್ಳಿ ರಾಯಣ್ಣನದಾದರೆ ಕಟ್ಟೆಯ ಮೇಲಿಂದ. ಊರಿಗೊಂದು ಕಮಾನು, ಕಮಾನಿಗೊಂದು ಕಬ್ಬಿಣದ ಅಕ್ಷರಗಳ ಸಾಲು, ಅದರ ಕೆಳಗೆ ದಾನ ಕೊಟ್ಟವರ ಹೆಸರು, ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ದಾನ ಕೊಡುತ್ತೇನೆ ಎಂದವರ ಹೆಸರು. ಸಂಗೊಳ್ಳಿಯಲ್ಲಂತೂ 2024ರ ಜನವರಿಯಿಂದ ಶೌರ್ಯಭೂಮಿಯೇ ಇದೆ. 1798ರಲ್ಲಿ ಹುಟ್ಟಿ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಬದುಕು ಅಲ್ಲಿ ಸಾಲು ಶಿಲ್ಪಗಳಾಗಿ ನಿಂತಿದೆ. ನೋಡಲು ಚೆಂದ, ಸೆಲ್ಫಿಗೆ ಇನ್ನೂ ಚೆಂದ.

ಸತ್ತವರ ಕೈಯ ಕತ್ತಿಗೆ ಇಷ್ಟೊಂದು ಉಕ್ಕು ಒದಗಿಸುವ ಈ ನಾಡಿನಲ್ಲಿ, ಬದುಕಿರುವ ಒಬ್ಬ ರೈತ ತನ್ನ ಕೂರಿಗೆಗೆ ಅಂಗೈಯಗಲದ ಒಂದು ಬಿಲ್ಲೆ ಮಾಡಿಸಲು ಹೊರಟರೆ ಅವನ ಪಾಡನ್ನು ನೋಡಬೇಕು.

ಯಂತ್ರವೇ ಇಲ್ಲ ಎನ್ನುವಂತಿಲ್ಲ. ಹೊಸ ಮನೆ ಕಟ್ಟಿಸಿದವರ ಗೇಟು ನೋಡಿ. ಮೊದಲು ವೆಲ್ಡಿಂಗ್ ಅಂಗಡಿಯವನು ಸರಳು ಬಗ್ಗಿಸಿ ಒಂದು ಅರ್ಧ ಸೂರ್ಯನನ್ನು ಕೂರಿಸಿಕೊಡುತ್ತಿದ್ದ. ಇಡೀ ಜಿಲ್ಲೆಗೆ ಅದೊಂದೇ ಸೂರ್ಯ. ಈಗ ಲೇಸರ್ ಕಟಿಂಗ್. ನವಿಲು, ನವಿಲಿನ ಗರಿಯ ಎಳೆ ಎಳೆ, ಪಕ್ಕದಲ್ಲಿ ಗಣಪತಿ, ಅವನ ಹೊಟ್ಟೆಗೆ ಸುತ್ತಿದ ನಾಗಪ್ಪನ ಹೆಡೆ, ಅದರ ಕೆಳಗೆ ‘ತಾಯಿಯ ಆಶೀರ್ವಾದ’. ತಾಯಿ ಮಾತ್ರ ಹಿತ್ತಲಿನ ಹಳೇ ಮನೆಯಲ್ಲಿ. ಫೈಬರ್ ಲೇಸರಿನ ಕಿರಣ ತಗಡಿನಲ್ಲಿ ಬಿಡುವ ಗೆರೆಯ ಅಗಲ 0.1ರಿಂದ 0.3 ಮಿಲಿಮೀಟರು. ಅಷ್ಟು ಸೂಕ್ಷ್ಮವಾಗಿ ಉಕ್ಕು ಕೊಯ್ಯುವ ಸಾಮರ್ಥ್ಯ ಕೈಗೆ ಬಂದ ಕೂಡಲೇ ನಾವು ಮೊಟ್ಟಮೊದಲು ಕೊಯ್ದದ್ದು ನವಿಲನ್ನು.

ಬಿಲ್ಲೆಯ ವಿಷಯಕ್ಕೆ ಬರೋಣ. ಟ್ರ್ಯಾಕ್ಟರಿಗೆ ಕಟ್ಟುವ ಬಿತ್ತುವ ಯಂತ್ರದಲ್ಲಿ ಬೀಜದ ಡಬ್ಬಿಯ ಒಳಗೆ ಓರೆಯಾಗಿ ಒಂದು ಬಿಲ್ಲೆ ತಿರುಗುತ್ತಿರುತ್ತದೆ. ಅದರ ಅಂಚಿನ ಸುತ್ತ ಕಚ್ಚುಗಳು. ಒಂದೊಂದು ಕಚ್ಚೂ ಒಂದೊಂದು ಕಾಳನ್ನು ಎತ್ತಿಕೊಂಡು ಮೇಲೆ ಬಂದು ಕೊಳವೆಗೆ ಬಿಡಬೇಕು. ಕಚ್ಚು ದೊಡ್ಡದಾದರೆ ಜೋಡಿ ಕಾಳು ಬೀಳುತ್ತದೆ, ಸಣ್ಣದಾದರೆ ಹೊಲದಲ್ಲಿ ಟ್ರ್ಯಾಕ್ಟರ್ ತಿರುಗಾಡಿದ್ದಷ್ಟೇ ಲಾಭ. ಜೋಳಕ್ಕೆ ಸಾಲಿನಿಂದ ಸಾಲಿಗೆ 45 ಸೆಂಟಿಮೀಟರು, ಗಿಡದಿಂದ ಗಿಡಕ್ಕೆ 15. ಕಡಲೆಗೆ 30 ಮತ್ತು 10. ಕೃಷಿ ವಿಜ್ಞಾನಿಗಳು ಭಾಷಣದಲ್ಲಿ ಹೇಳುವ ಈ ಲೆಕ್ಕದ ಅರ್ಧ ಭಾಗ ನಿಜವಾಗಿ ಇರುವುದು ಬಿಲ್ಲೆಯ ಹಲ್ಲಿನಲ್ಲಿ. ಯಂತ್ರದ ಜೊತೆ ಕಂಪನಿ ಕೊಟ್ಟ ಬಿಲ್ಲೆ ಗೋವಿನಜೋಳಕ್ಕೆ, ಸೋಯಾಕ್ಕೆ ಸರಿ ಹೋಗುತ್ತದೆ. ನಮ್ಮ ರೈತ ಕಣಜದಲ್ಲಿ ಇಟ್ಟುಕೊಂಡ ಬಿಳಿಜೋಳದ ಬೀಜಕ್ಕೆ, ಮನೆಯ ಕಡಲೆಗೆ ಅದು ಒಗ್ಗುವುದಿಲ್ಲ. ಕಂಪನಿಯನ್ನು ಕೇಳಿದರೆ ಅವರು ಬೀಜ ಬದಲಿಸಲು ಹೇಳುತ್ತಾರೆ.

ಹಿಂದೆ ಈ ಬಿಲ್ಲೆಯ ಕೆಲಸವನ್ನು ಹೆಣ್ಣುಮಕ್ಕಳ ಬೆರಳು ಮಾಡುತ್ತಿತ್ತು. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಎತ್ತಿನ ಕೂರಿಗೆಯ ಹಿಂದೆ ನಡೆಯುತ್ತ, ಬಟ್ಟಲಿಗೆ ಬೆರಳ ಸಂದಿಯಿಂದ ಕಾಳು ಬಿಡುತ್ತಿದ್ದರು. ಜೋಳವಾದರೆ ಬೆರಳು ಬಿಗಿ, ಕಡಲೆಯಾದರೆ ಸಡಿಲ. ಆ ಬೆರಳಿಗೆ ಡ್ರಾಯಿಂಗ್ ಬೇಕಿರಲಿಲ್ಲ, ಫೈಲ್ ಬೇಕಿರಲಿಲ್ಲ, ಜಿಎಸ್‌ಟಿ ನಂಬರ್ ಬೇಕಿರಲಿಲ್ಲ. ಕೂಲಿಯೂ ಗಂಡಸಿನಷ್ಟು ಬೇಕಿಲ್ಲ ಎಂದು ಗಂಡಸರು ತೀರ್ಮಾನಿಸಿದ್ದರು. ಈಗ ಆ ಬೆರಳನ್ನು ಉಕ್ಕಿನಲ್ಲಿ ಮಾಡಿಸಬೇಕಾಗಿ ಬಂದಿದೆ, ಬೆಲೆ ಗೊತ್ತಾಗುತ್ತಿದೆ.

ಹಿಂಗಾರಿಗೆ ಹದ ಎಂಬುದು ಯಾರನ್ನೂ ಕಾಯುವುದಿಲ್ಲ. ಎರೆಹೊಲ ಒಮ್ಮೆ ಬಿರುಕು ಬಿಟ್ಟರೆ ಬಂಗಾರದ ಬಿಲ್ಲೆ ಹಾಕಿ ಬಿತ್ತಿದರೂ ಕಾಳು ಏಳುವುದಿಲ್ಲ. ನಮ್ಮ ರೈತ ಉತ್ತರಿ ಮಳೆಯಲ್ಲೇ ಹೊರಟ ಎಂದುಕೊಳ್ಳಿ. ನಾನು ಕಟ್ಟಿದ ರೈತ, ನಾನು ಕಟ್ಟಿದ ಕಥೆ. ಆದರೆ ಯಾವ ಹಳ್ಳಿಯಲ್ಲಿ ಓದಿದರೂ ಯಾರಾದರೊಬ್ಬರು ಇದು ನಮ್ಮ ಮಾವನ ಕಥೆ ಅನ್ನುತ್ತಾರೆ.

ಆತ ಕಂಪನಿಯ ಬಿಲ್ಲೆಯನ್ನು ಒಂದು ಲಗ್ನಪತ್ರಿಕೆಯ ಹಿಂಬದಿಗೆ ಇಟ್ಟು ಪೆನ್ನಿನಿಂದ ಸುತ್ತ ಗೆರೆ ಎಳೆದ. ಕಚ್ಚು ಎಷ್ಟು ಬೇಕೋ ಅಷ್ಟು ತಿದ್ದಿದ. ಅಳತೆ ತಿಳಿಯಲಿ ಎಂದು ಐದು ರೂಪಾಯಿಯ ನಾಣ್ಯ ಇಟ್ಟು ಫೋಟೊ ಹೊಡೆದು ಲೇಸರ್ ಅಂಗಡಿಗೆ ವಾಟ್ಸಾಪಿನಲ್ಲಿ ಕಳಿಸಿದ. ಮೊಬೈಲು ಓರೆಯಾಗಿತ್ತು. ಇಲ್ಲಿ ಗುಂಡಗಿದ್ದದ್ದು ಬೆಳಗಾವಿ ಮುಟ್ಟುವಷ್ಟರಲ್ಲಿ ಮೊಟ್ಟೆಯಾಗಿತ್ತು. ಅಂಗಡಿಯಿಂದ ಉತ್ತರ ಬಂತು: “ಫೋಟೊ ನಡಿಯಂಗಿಲ್ರಿ. ಡಿಎಕ್ಸ್‌ಎಫ್ ಕಳಸ್ರಿ.”

ಡಿಎಕ್ಸ್‌ಎಫ್ ಎಂದರೆ 1982ರಲ್ಲಿ ಆಟೊಕ್ಯಾಡಿನ ಜೊತೆಗೇ ಹುಟ್ಟಿದ ಚಿತ್ರದ ಫೈಲು. ಇಲ್ಲಿಂದ ಇಲ್ಲಿಗೆ ಗೆರೆ, ಇಲ್ಲಿ ಕೇಂದ್ರ, ಇಷ್ಟು ತ್ರಿಜ್ಯದ ವೃತ್ತ ಎಂದು ಅಂಕಿಗಳಲ್ಲಿ ಬರೆದಿಟ್ಟ ಒಂದು ನಿರ್ಮಮ ಪಟ್ಟಿ. ಅದರಲ್ಲಿ ಭಾವನೆಗೆ ಜಾಗವಿಲ್ಲ, ಅದಕ್ಕೇ ನಮಗೆ ಅದು ಒಗ್ಗಿಬಂದಿಲ್ಲ. ಊರಿನ ಹುಡುಗನೊಬ್ಬ ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದ. ಓದದೆ ಏನು ಮಾಡಿಯಾನು, 1998ರಿಂದ ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಪ್ರಶ್ನೆಪತ್ರಿಕೆಗಳು ಹೊರಡುವುದೇ ಆ ಊರಿನ ತಾಂತ್ರಿಕ ವಿಶ್ವವಿದ್ಯಾಲಯದಿಂದ. ಆತ ಒಂದು ರಾತ್ರಿಯಲ್ಲಿ ಬಿಲ್ಲೆ ತಯಾರಿಸಿ ಕಳಿಸಿದ. ಮೂರು ಆಯಾಮ, ಸ್ಟೀಲಿನ ಹೊಳಪು, ಕೆಳಗೆ ನೆರಳು, ಹಿಂದೆ ಸಂಜೆಯ ಆಕಾಶ. ಬಿಲ್ಲೆ ಮೆಲ್ಲಗೆ ಸುತ್ತುತ್ತಿತ್ತು, ಹಾಡೂ ಇತ್ತು. ಅಳತೆ ಇರಲಿಲ್ಲ. ಎಷ್ಟು ಮಿಲಿಮೀಟರು ತಮ್ಮಾ ಎಂದರೆ, ಅದು ಮುಂದಿನ ಸೆಮಿಸ್ಟರಿಗೆ ಐತಿ ಎಂದ.

ಅಳತೆ ಹಾಕಿಸಿದ್ದೂ ಆಯಿತು. ಆದರೆ ಆ ಫೈಲಿನೊಳಗೆ 120 ಎಂದು ಬರೆದರೆ ಅದು ಏನು 120 ಎಂಬುದು ಎಷ್ಟೋ ಸಲ ತೆರೆಯುವವನ ಕಂಪ್ಯೂಟರಿನ ಮರ್ಜಿಗೆ ಬಿಟ್ಟದ್ದು. ಇವನು ಮಿಲಿಮೀಟರು ಎಂದುಕೊಂಡದ್ದು ಅಲ್ಲಿ ಇಂಚಾಗಿ ತೆರೆದುಕೊಂಡಿತು. ಇಂಚಿಗೆ 25.4ರಂತೆ ಅಂಗೈಯಗಲದ ಬಿಲ್ಲೆ ಹತ್ತು ಅಡಿಯಾಯಿತು. ಟ್ರ್ಯಾಕ್ಟರಿನ ಹಿಂದಿನ ಗಾಲಿಗಿಂತ ದೊಡ್ಡ ಬೀಜದ ಬಿಲ್ಲೆ. ಅಂಗಡಿಯವನು ಬೆರಗಾಗಲಿಲ್ಲ. “ಯಾವ ಸರ್ಕಲ್ಲಿಗ್ರೀ ಇದು?” ಎಂದು ಕೇಳಿದ. ದೊಡ್ಡದಾಗಿದ್ದರೆ ಅದು ಸ್ಮಾರಕವೇ ಇರಬೇಕು ಎಂಬ ತಿಳಿವಳಿಕೆ ಅವನ ಅನುಭವದಿಂದ ಬಂದದ್ದು, ತಪ್ಪು ಅವನದಲ್ಲ.

ಇಂಚು ತಿದ್ದಿ, ರಂಧ್ರ ತಗಡಿನ ದಪ್ಪಕ್ಕಿಂತ ಸಣ್ಣದಿರಬಾರದು ಎಂದು ಕಲಿತು, ಎರಡೆರಡು ಸಲ ಎಳೆದ ಗೆರೆಗಳನ್ನು ಅಳಿಸಿ, ಎಲ್ಲ ಸರಿ ಎನ್ನುವ ಹೊತ್ತಿಗೆ ಹಸ್ತ ಶುರುವಾಗಿತ್ತು. ಆಗ ಬಂತು ನಿಜವಾದ ಪ್ರಶ್ನೆ.

“ಎಷ್ಟ ಪೀಸ್ ಬೇಕ್ರೀ?”

“ಒಂದ್ರೀ. ಆದ್ರ ಎರಡು. ಜ್ವಾಳಕ್ಕೊಂದು, ಕಡ್ಲಿಗೊಂದು.”

“ಒಂದು ಪೀಸಿಗೆ ಮಷೀನ್ ಚಾಲೂ ಆಗಂಗಿಲ್ರಿ.”

ಲೆಕ್ಕ ಹಾಕಿ ನೋಡಿ. 120 ಮಿಲಿಮೀಟರು ಅಗಲ, 3 ಮಿಲಿಮೀಟರು ದಪ್ಪದ ಬಿಲ್ಲೆಯ ತೂಕ ಕಾಲು ಕೆಜಿಯ ಆಸುಪಾಸು. ಉಕ್ಕಿನ ಬೆಲೆ ಒಂದು ಪ್ಲೇಟ್ ಗಿರಮಿಟ್ಟಿಗಿಂತ ಹೆಚ್ಚಿಲ್ಲ. ಕಿರಣ ಅದರ ಸುತ್ತ ಓಡಿ ಮುಗಿಸಲು ಒಂದು ನಿಮಿಷ ಬೇಡ. ಆದರೆ ಮಷೀನಿಗೆ ಏರುವ ತಗಡು 2500ಕ್ಕೆ 1250 ಮಿಲಿಮೀಟರಿನದು, ಎಪ್ಪತ್ತು ಕೆಜಿಗೂ ಮೇಲೆ. ಒತ್ತೊತ್ತಾಗಿ ಜೋಡಿಸಿದರೆ ಒಂದು ತಗಡಿನಲ್ಲಿ ಇಂಥ 200 ಬಿಲ್ಲೆ. “ಇನ್ನೂರ ಮಾಡ್ಕೋರಿ, ಸಸ್ತಾ ಬೀಳ್ತಾವು” ಎಂದ ಅಂಗಡಿಯವ. ಹೌದು, ಒಂದೊಂದು ಸಸ್ತಾ ಬೀಳುತ್ತದೆ. ಉಳಿದ 198 ಬಿಲ್ಲೆಗಳನ್ನು ಮೊಮ್ಮಕ್ಕಳು ತಿರುಗಿಸಿ ಆಡಬಹುದು.

ಅಂಗಡಿಯವನನ್ನು ಖಳನಾಯಕ ಮಾಡುವುದು ಸುಲಭ, ನಾನು ಮಾಡಲಾರೆ. ಅವನ ಎದೆಯ ಮೇಲೆ ಬ್ಯಾಂಕಿನ ಕಂತು ಕುಳಿತಿದೆ. ಸ್ಟೇನ್‌ಲೆಸ್ ಸ್ಟೀಲಿಗೆ ನೈಟ್ರೋಜನ್, ಸಾದಾ ಉಕ್ಕಿಗೆ ಆಕ್ಸಿಜನ್. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗ್ಯಾಸು ಬದಲಿಸಬೇಕು, ಮೂತಿ ಬದಲಿಸಬೇಕು, ಫೋಕಸ್ ಕೂರಿಸಬೇಕು, ತಗಡು ಏರಿಸಬೇಕು, ಇಳಿಸಬೇಕು. ಅರ್ಧ ನಿಮಿಷದ ಕೊಯ್ತಕ್ಕೆ ಅರ್ಧ ತಾಸಿನ ಪೂಜೆ. ಆ ಅರ್ಧ ತಾಸಿನಲ್ಲಿ ಅವನು ಎರಡು ನವಿಲು ಮುಗಿಸಬಲ್ಲ. ಬೇರೆಯವರ ಕೆಲಸದ ತಗಡಿನ ಮೂಲೆಯಲ್ಲಿ ಉಳಿದ ಜಾಗಕ್ಕೆ ಇವನ ಬಿಲ್ಲೆಯನ್ನೂ ಸೇರಿಸಿಬಿಟ್ಟರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಮುಗಿಯುತ್ತದೆ. ದೊಡ್ಡ ಊರಿನ ಜಾಣರು ಅದನ್ನೇ ದಂಧೆ ಮಾಡಿಕೊಂಡು ನೂರು ಜನರ ನೂರು ಚೂರುಗಳನ್ನು ಒಂದೇ ತಗಡಿಗೆ ಹೊಂದಿಸಿ ಕೊಯ್ಯುತ್ತಾರೆ. ನಮ್ಮಲ್ಲಿ ಒಬ್ಬರ ತಗಡಿನಲ್ಲಿ ಇನ್ನೊಬ್ಬರ ಚೂರು ಬಂದರೆ ಮೊದಲು ಜಾತಿ ಕೇಳುತ್ತಾರೆ, ಆಮೇಲೆ ಜಿಎಸ್‌ಟಿ ಯಾರದು ಎಂದು ಕೇಳುತ್ತಾರೆ.

ಆ ದೊಡ್ಡ ಊರಿನ ಜಾಣರ ಬಾಗಿಲನ್ನೂ ಹುಡುಗ ಮೊಬೈಲಿನಲ್ಲೇ ತಟ್ಟಿದ. ಫೈಲು ಏರಿಸಿದ ಕೂಡಲೇ ದರ ಬಂತು, ಒಂದು ಪೀಸಿಗೂ ಸೈ ಅಂದರು. ಎಲ್ಲರಿಗೂ ಖುಷಿ. ಓಟಿಪಿಗಾಗಿ ಮಾಳಿಗೆ ಹತ್ತಿದರು, ಓಟಿಪಿ ಬರುವಷ್ಟರಲ್ಲಿ ಅದರ ಆಯುಷ್ಯ ತೀರಿತ್ತು. ಎರಡನೆಯದು ಹತ್ತಿತು. ಬಿಲ್ಲೆಗಿಂತ ಕೊರಿಯರ್ ದುಬಾರಿ ಎಂದು ತಿಳಿದದ್ದು ಅದಾದ ಮೇಲೆ. ನಿಮ್ಮ ಪಿನ್‌ಕೋಡಿಗೆ ಮನೆ ಮುಟ್ಟಿಸುವ ವ್ಯವಸ್ಥೆ ಇಲ್ಲ ಎಂದು ತಿಳಿದದ್ದು ಅದಕ್ಕೂ ಆಮೇಲೆ. ಚಿತ್ರ ಹಳ್ಳಿಯಿಂದ ಬೆಂಗಳೂರಿಗೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಯಿತು. ಕಬ್ಬಿಣ ವಾಪಸು ಬರಲು ಇನ್ನೂ ರಸ್ತೆಯೇ ಬೇಕು.

ಹಾಗಂತ ಬೆಳಗಾವಿ ಜಿಲ್ಲೆಗೆ ಸಣ್ಣ ಬಿಡಿಭಾಗ ಮಾಡಲು ಬರುವುದಿಲ್ಲ ಎಂದುಕೊಳ್ಳಬೇಡಿ. ಬೆಳಗಾವಿಯ ಉದ್ಯಮಬಾಗದ ಎರಕದ ಮನೆಗಳ ಹೊಗೆಗೆ ದಶಕಗಳ ಇತಿಹಾಸವಿದೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ಏಕಸ್ ಕಂಪನಿ ವಿಮಾನದ ಬಿಡಿಭಾಗಗಳನ್ನು ಮಾಡುತ್ತದೆ. ಅವು ಹೋಗಿ ಏರ್‌ಬಸ್ಸಿನ ಮೈಯಲ್ಲಿ ಕೂರುತ್ತವೆ. ಹೆದ್ದಾರಿ 48ರಲ್ಲಿ ಕಿತ್ತೂರಿನಿಂದ ಬೆಳಗಾವಿ ದಾಟಿ ಹೊರಟವನಿಗೆ ಅದು ದಾರಿಯಲ್ಲೇ ಸಿಗುವ ಊರು. ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಲೋಹ ಕೊರೆದು ಫ್ರಾನ್ಸಿನವರನ್ನು ಒಪ್ಪಿಸುವ ಜಿಲ್ಲೆಗೆ ಸವದತ್ತಿಯ ಜೋಳದ ಕಾಳನ್ನು ಒಪ್ಪಿಸಲು ಬರದೆ ಏನು? ಬರುತ್ತದೆ. ಆದರೆ ಜೋಳ ಇನ್ನೂ ಟೆಂಡರ್ ಕರೆದಿಲ್ಲ. ರಾಮದುರ್ಗದ ಮಗ್ಗದವನೂ ಇದೇ ಸಾಲಿನಲ್ಲಿ ನಿಂತಿದ್ದಾನೆ. ಸವೆದ ಕ್ಯಾಮ್ ಎಂಬ ಒಂದು ತುಂಡಿಗಾಗಿ ಮಗ್ಗ ನಿಲ್ಲಿಸಿಕೊಂಡು ಕುಳಿತವನಿಗೆ ಸಿಗುವ ಉತ್ತರವೂ ‘ಎಷ್ಟ ಪೀಸ್’. ಈ ನಾಲ್ಕು ತಾಲ್ಲೂಕುಗಳಲ್ಲಿ ಲೋಹದ ಸಣ್ಣ ತುಂಡನ್ನು ಒಂದೇ ಒಂದಾಗಿ ಮುಲಾಜಿಲ್ಲದೆ ಮಾರುವ ಜಾಗವೆಂದರೆ ಸವದತ್ತಿಯ ಎಲ್ಲಮ್ಮನ ದೇವಸ್ಥಾನದ ಮುಂದಿನ ಅಂಗಡಿ. ಹರಕೆಯ ಬೆಳ್ಳಿ ಕಣ್ಣು ಬೇಕೇ, ತೊಟ್ಟಿಲು ಬೇಕೇ, ಒಂದಾದರೂ ಕೊಡುತ್ತಾರೆ. ಎಲ್ಲಮ್ಮ ಮಿನಿಮಮ್ ಆರ್ಡರ್ ಕೇಳಿದವಳಲ್ಲ.

ಕಮ್ಮಾರನ ಬಳಿ ಹೋಗಬಾರದಿತ್ತೇ ಎನ್ನುವವರಿದ್ದಾರೆ. ಹೋದ. ಮುದುಕ ಕಮ್ಮಾರ ಬಿಲ್ಲೆಯನ್ನು ಬೆಳಕಿಗೆ ಹಿಡಿದು, ಎರಡು ಕಾಳು ಕಚ್ಚಿನಲ್ಲಿಟ್ಟು ಅಲ್ಲಾಡಿಸಿ, ಎಷ್ಟು ತಿದ್ದಬೇಕೆಂದು ಬಾಯಲ್ಲೇ ಹೇಳಿದ. ಲೇಸರಿನವನು, ಇಂಜಿನಿಯರ್ ಹುಡುಗ, ಕಂಪನಿಯವನು ಯಾರೂ ಕಾಳು ನೋಡಿರಲಿಲ್ಲ, ನೋಡಿದವನು ಇವನೊಬ್ಬನೇ. ಆದರೆ ಒಂದೇ ಅಳತೆಯ ಹದಿನೆಂಟು ಕಚ್ಚನ್ನು ಅರದಲ್ಲಿ ಉಜ್ಜಿ ತೆಗೆಯಲು ಕಣ್ಣು ಸಾಲದು ಎಂದ. ಮಗ ಎಲ್ಲಿ ಎಂದರೆ, ಪುಣೆಯಲ್ಲಿ ಲೇಸರ್ ಮಷೀನ್ ನಡೆಸುತ್ತಾನೆ ಎಂದ.

ಪುಣೆ ಎಂದಾಗ ನೆನಪಾಯಿತು. ಪುಣೆ ಜಿಲ್ಲೆಯಲ್ಲಿ ಪಾಬಳ ಎಂಬ ಹಳ್ಳಿಯಿದೆ, ನಮ್ಮ ಸವದತ್ತಿಯಂತೆಯೇ ಮಳೆ ಮೋಸ ಮಾಡುವ ಸೀಮೆ. ಅಲ್ಲಿ 1983ರಲ್ಲಿ ಡಾ. ಎಸ್.ಎಸ್. ಕಲಬಾಗ ಎಂಬ ವಿಜ್ಞಾನಿ ವಿಜ್ಞಾನ ಆಶ್ರಮ ಕಟ್ಟಿದರು, ಶಾಲೆ ಬಿಟ್ಟ ಮಕ್ಕಳಿಗೆ ಕೈಕೆಲಸದಿಂದ ಪಾಠ ಹೇಳಿದರು. 2002ರಲ್ಲಿ ಅಮೆರಿಕದ ಎಂಐಟಿಯವರು ತಮ್ಮ ಫ್ಯಾಬ್ ಲ್ಯಾಬ್ ಎಂಬ ಕಾರ್ಯಾಗಾರವನ್ನು ಹೊರಗಡೆ ತೆರೆಯಲು ಹೊರಟಾಗ ಆರಿಸಿಕೊಂಡ ಮೊದಮೊದಲ ಜಾಗಗಳಲ್ಲಿ ಆ ಹಳ್ಳಿ ಒಂದು. ಕಂಪ್ಯೂಟರಿನಲ್ಲಿ ಗೆರೆ ಎಳೆದು ಪಕ್ಕದ ಮಷೀನಿನಲ್ಲಿ ತನಗೆ ಬೇಕಾದ ಒಂದೇ ಒಂದು ಚೂರನ್ನು ತಾನೇ ಮಾಡಿಕೊಳ್ಳುವುದು ಅಲ್ಲಿಯ ಕಸುಬು. ಮಹಾರಾಷ್ಟ್ರದವರು ಬೆಳಗಾವಿ ಬೇಕೆನ್ನುತ್ತಾರೆ, ನಾವು ಕೊಡೆವು ಎನ್ನುತ್ತೇವೆ. 1967ರ ಮಹಾಜನ ವರದಿಯಿಂದ ಇಂದಿನವರೆಗೂ ಗಡಿಯ ಒಂದೊಂದು ಮಿಲಿಮೀಟರಿಗಾಗಿ ಎರಡೂ ಕಡೆ ಗಂಟಲು ಹರಿದುಕೊಂಡಿದ್ದೇವೆ. ಪಾಬಳ ನಮಗೂ ಬೇಕು ಎಂದು ಮಾತ್ರ ಯಾವ ಹೋರಾಟಗಾರನೂ ಬಸ್ಸಿಗೆ ಮಸಿ ಬಳಿದಿಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ, ಅನ್ಯಾಯ ಮಾತಾಡಬಾರದು. ಟ್ರ್ಯಾಕ್ಟರಿಗೆ ಸಬ್ಸಿಡಿ ಇದೆ, ಬಿತ್ತುವ ಯಂತ್ರಕ್ಕೆ ಸಬ್ಸಿಡಿ ಇದೆ, ಹೋಬಳಿಗೆ ಕೃಷಿ ಯಂತ್ರಧಾರೆ ಕೇಂದ್ರವಿದೆ. ಯಂತ್ರ ಕೊಡುವಾಗ ಶಾಸಕರು ಕೀಲಿಕೈ ಹಿಡಿದು ಫೋಟೊಕ್ಕೆ ನಿಲ್ಲಬಹುದು. ಬಿಲ್ಲೆ ಕೊಡುವಾಗ ಹೇಗೆ ನಿಲ್ಲುವುದು? ಫೋಟೊದಲ್ಲಿ ಕಾಣುವುದೇ ಇಲ್ಲ. ಕಾಣದ್ದಕ್ಕೆ ಯೋಜನೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಕೆಲವು ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬಿನಲ್ಲಿ 3ಡಿ ಪ್ರಿಂಟರುಗಳೇ ಬಂದಿವೆ. ಮಕ್ಕಳು ಮುಟ್ಟಿದರೆ ಕೆಟ್ಟಾವು ಎಂದು ಕಾಳಜಿಯಿಂದ ಬೀಗ ಹಾಕಿಟ್ಟ ಗುರುಗಳನ್ನು ಕಂಡಿದ್ದೇನೆ. ಇನ್ನು 2012ರಲ್ಲಿ ಬೆಳಗಾವಿಯ ಹೊರಗೆ ಎದ್ದ ಸುವರ್ಣ ವಿಧಾನಸೌಧವೂ ಒಂದು ದೊಡ್ಡ ಮಷೀನೇ. ಚಳಿಗಾಲದಲ್ಲಿ ಕೆಲವು ದಿನ ಚಾಲೂ ಆಗುತ್ತದೆ. ಉಳಿದ ದಿನ ಒಬ್ಬೊಬ್ಬ ರೈತ ಒಂದೊಂದು ಅರ್ಜಿ ಹಿಡಿದು ಹೋದರೆ ಆಗುವುದಿಲ್ಲ. ಅದಕ್ಕೂ ಸಾವಿರ ಪೀಸು ಬೇಕು, ಟ್ರ್ಯಾಕ್ಟರ್ ಮೆರವಣಿಗೆಯಲ್ಲಿ ಬರಬೇಕು.

ಇಷ್ಟರಲ್ಲಿ ಹಸ್ತ ಮುಗಿದು ಚಿತ್ತಿ ಬಂತು. ಚಿತ್ತಿಯ ಕೊನೆಗೆ, ಅಕ್ಟೋಬರ್ 23ಕ್ಕೆ, ಕಿತ್ತೂರು ಉತ್ಸವ. ಲೇಸರ್ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಖಡ್ಗ ಬೇಕು, ಡಾಲು ಬೇಕು, ಕುದುರೆ ಬೇಕು. ಆಗ ಒಂದು ಊರಿನ ಕಮಿಟಿಯವರು ಮೆರವಣಿಗೆಯ ದಾರಿಗೆ ಕಮಾನು ಮಾಡಿಸಲು ತೀರ್ಮಾನಿಸಿ, ಕಂಪ್ಯೂಟರ್ ಬಲ್ಲವನು ಇವನೊಬ್ಬನೇ ಎಂದು ಅದೇ ಹುಡುಗನಿಗೆ ಅಕ್ಷರ ಜೋಡಿಸಲು ಹೇಳಿದರು: ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ.

ತಗಡಿನಲ್ಲಿ ಅಕ್ಷರ ಕೊರೆಯುವವರಿಗೆ ಗೊತ್ತು, ಕನ್ನಡದ ಅಕ್ಷರ ದುಂಡಗಿರುವುದರಿಂದ ಒಳಗಿನ ತುಂಡು ಬಿದ್ದುಹೋಗುತ್ತದೆ. ಬೀಳಬಾರದ ಕಡೆ ಸಣ್ಣ ಸೇತುವೆ ಇಡಬೇಕು, ಸೊನ್ನೆಗೆ ಅದೂ ಬೇಡ. ಇಡೀ ಬಿಲ್ಲೆಯೇ ಕಳಚಿ ಗುಜರಿಗೆ. ಆ ಹೆಸರಿನಲ್ಲಿ ಎಷ್ಟು ಸೊನ್ನೆ ಇದೆ ಎಂದು ಹುಡುಗ ಎಣಿಸಿದ. ಎರಡು. ಕ್ರಾಂತಿಯಲ್ಲಿ ಒಂದು, ಸಂಗೊಳ್ಳಿಯಲ್ಲಿ ಒಂದು. ಅಳತೆ 120 ಮಿಲಿಮೀಟರು, ತಗಡು 3 ಮಿಲಿಮೀಟರು. ಕ್ರಾಂತಿಯ ಸೊನ್ನೆಯ ಸುತ್ತ ಜೋಳದ ಕಚ್ಚು ಇಟ್ಟ, ಸಂಗೊಳ್ಳಿಯ ಸೊನ್ನೆಗೆ ಕಡಲೆಯದು. ನಡುವೆ ಗೂಟದ ರಂಧ್ರ. ಕಂಪನಿ ಸರ್ಕಾರಕ್ಕೆ ಕಾಡಿನ ಮರೆಯಿಂದ ಏಟು ಕೊಟ್ಟವನ ಹೆಸರಿನ ಮರೆಯಲ್ಲಿ ಎರಡು ಬಿಲ್ಲೆ ಅಂಗಡಿಯ ಒಳಗೆ ಹೋದವು. ಎಷ್ಟು ಪೀಸು ಎಂದು ಯಾರೂ ಕೇಳಲಿಲ್ಲ. ಉತ್ಸವದ ಕೆಲಸ, ಮಷೀನ್ ಆ ಕ್ಷಣವೇ ಚಾಲೂ ಆಯಿತು. ಸಂಜೆ ಗುಜರಿ ಬುಟ್ಟಿಯಿಂದ ಅರ್ಧ ಕೆಜಿ ಕಬ್ಬಿಣವನ್ನು ಹಳೇ ಮೊಳೆಯ ದರಕ್ಕೆ ತೂಗಿಸಿಕೊಂಡು ರೈತ ಬಸ್ ಹತ್ತಿದ. ಮರುದಿನ ಬಿತ್ತಿದ.

ಕಮಾನು ಎದ್ದು ಹಿಂದಿನಿಂದ ದೀಪ ಹಾಕಿದಾಗ ಕಮಿಟಿ ಅಧ್ಯಕ್ಷರು ತಲೆ ಎತ್ತಿ ನೋಡಿದರು. “ಸೊನ್ನಿಗೆ ಹಲ್ಲು ಬಂದಾವಲ್ಲೋ ತಮ್ಮಾ?”

“ಸೂರ್ಯಾ ರೀ. ಕಿರಣ ಅವು.”

ಅಧ್ಯಕ್ಷರಿಗೆ ಹಿಡಿಸಿತು, ಮುಖ್ಯ ಅತಿಥಿಗಳಿಗೆ ಅವರಿಗಿಂತ ಹೆಚ್ಚು ಹಿಡಿಸಿತು. ಇಂಥವೇ ಇಪ್ಪತ್ತೈದು ಕಮಾನು ಮಾಡಿಸಿ ಎಂದು ವೇದಿಕೆಯಲ್ಲೇ ಘೋಷಿಸಿದರು. ಈಗ ಗುಜರಿಯವನು ಬಿಲ್ಲೆಗಳನ್ನು ಜೋಳದ್ದು ಬೇರೆ, ಕಡಲೆಯದು ಬೇರೆ ಗುಡ್ಡೆ ಹಾಕಿ ಕುಳಿತಿದ್ದಾನೆ, ಒಂದಿದ್ದರೂ ಕೊಡುತ್ತಾನೆ. ಹೆಸರಿನಲ್ಲಿ ಸೊನ್ನೆ ಇಲ್ಲದ ವೀರರದ್ದೇ ತೊಂದರೆ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ ಅಮಟೂರ ಬಾಳಪ್ಪನ ಕಮಾನಿಗೆ ಹಣ ಕೂಡಿದೆ, ಅಕ್ಷರದ ಬಗ್ಗೆ ಮಾತ್ರ ಪಂಚಾಯಿತಿ ಇನ್ನೂ ಹರಿದಿಲ್ಲ. ಬರೇ ಬಾಳಪ್ಪ ಅಂತ ಬರೀಬ್ಯಾಡ್ರಿ, ‘ಗುಂಡು ಹೊಡೆದ ಬಾಳಪ್ಪ’ ಅಂತ ಬರೀರಿ ಎಂದು ರೈತರು ಪಟ್ಟು ಹಿಡಿದಿದ್ದಾರೆ. ಒಂದು ಪೀಸಾದರೂ ಬೀಳುತ್ತದೆ.